ಗಡ್ಡೆಯೊಳಗಿನ ಬರಹ

ಶಸ್ತ್ರಕ್ರಿಯೆ ಮುಗಿದು ಎರಡು ವಾರಗಳಾಗಿವೆ. ಹೊಟ್ಟೆಯ ಹೊಲಿಗೆಯನ್ನು ಬಿಚ್ಚಿದ್ದಾರೆ. ರೋಗಿ ಗಂಜಿಯಿಂದ ಮೆತ್ತಗಿನ ಅನ್ನಕ್ಕೆ ಬಂದಿದ್ದಾನೆ. ಕರುಳಿನಿಂದ ತೆಗೆದ ಗಡ್ಡೆಯ ಪರೀಕ್ಷಾ ವರದಿ ವೈದ್ಯರ ಮೇಜನ್ನು ಸೇರಿದೆ. ಆ ಹೊತ್ತಿನಲ್ಲಿ ರೋಗಿಯಾಗಲಿ, ಅವನನ್ನು ಕೈಹಿಡಿದು ಕರೆತಂದ ಮಗನಾಗಲಿ ಕೇಳುವ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಎಲ್ಲ ಭಾಷೆಗಳಲ್ಲಿಯೂ ಒಂದೇ: “ಡಾಕ್ಟರೇ, ಇದು ಇನ್ನು ಮತ್ತೆ ಬರುವುದಿಲ್ಲ ತಾನೆ?”

ರೋಗವನ್ನು ಗುರುತಿಸುವುದಕ್ಕಿಂತ ಈ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟೋ ಕಷ್ಟ. ನಮ್ಮ ಪ್ರಾಚೀನ ವೈದ್ಯರೂ ಇದನ್ನು ಬಲ್ಲವರಾಗಿದ್ದರು. ಚರಕಸಂಹಿತೆ ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುತ್ತದೆ. ಸುಲಭವಾಗಿ ವಾಸಿಯಾಗುವುದು, ಪ್ರಯಾಸದಿಂದ ವಾಸಿಯಾಗುವುದು, ವಾಸಿಯಾಗದಿದ್ದರೂ ಔಷಧದಿಂದ ತಡೆದು ನಿಲ್ಲಿಸಬಹುದಾದದ್ದು, ಕೈಮೀರಿದ್ದು ಎಂದು ಇದರ ಅರ್ಥ. ಆ ಗ್ರಂಥದ ‘ಇಂದ್ರಿಯಸ್ಥಾನ’ವೆಂಬ ಭಾಗವಂತೂ ಮರಣವನ್ನು ಮುಂಚಿತವಾಗಿ ಸೂಚಿಸುವ ಅರಿಷ್ಟ ಲಕ್ಷಣಗಳ ವಿವರಣೆಗೇ ಮೀಸಲಾಗಿದೆ. ಗ್ರೀಸಿನ ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದ ಗ್ರಂಥಗಳಲ್ಲಿಯೂ ರೋಗದ ಮುನ್ಸೂಚನೆಯನ್ನು ಕುರಿತದ್ದು ಒಂದಿದೆ. ಅಂದಿನವರು ಲಕ್ಷಣಗಳನ್ನು ರೋಗಿಯ ಮುಖದಲ್ಲಿ, ಬಣ್ಣದಲ್ಲಿ, ದನಿಯಲ್ಲಿ, ಕನಸಿನಲ್ಲಿ ಹುಡುಕಿದರು. ಇಂದಿನ ವಿಜ್ಞಾನಿ ಅವನ್ನು ಗಡ್ಡೆಯ ಜೀವಕೋಶದೊಳಗಿನ ಒಂದು ಬರಹದಲ್ಲಿ ಹುಡುಕುತ್ತಿದ್ದಾನೆ. ಆ ಬರಹದ ಹೆಸರು ಆರ್.ಎನ್.ಎ. ಅದನ್ನು ಓದಿ ಜೀರ್ಣಾಂಗಗಳ ಕ್ಯಾನ್ಸರಿನ ಮುಂದಿನ ಗತಿಯನ್ನು ಎಷ್ಟರಮಟ್ಟಿಗೆ ಹೇಳಬಹುದು, ಎಲ್ಲಿಂದಾಚೆಗೆ ಹೇಳಲಾಗದು ಎಂಬುದೇ ಈ ಭಾಷಣದ ವಿಷಯ.

ಜೀರ್ಣಾಂಗಗಳೆಂದರೆ ಅನ್ನನಾಳ, ಜಠರ, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಕರುಳುಗಳು. ನಾವು ತಿಂದ ತುತ್ತು ಹಾದುಹೋಗುವ ದಾರಿ ಮತ್ತು ಆ ದಾರಿಗೆ ರಸಗಳನ್ನು ಒದಗಿಸುವ ಗ್ರಂಥಿಗಳು. ಈ ದಾರಿಯಲ್ಲಿ ಕ್ಯಾನ್ಸರ್ ಮನೆಮಾಡುವುದು ಅಪರೂಪವೇನಲ್ಲ. 2022ರ ಜಾಗತಿಕ ಅಂದಾಜಿನಂತೆ ಆ ಒಂದು ವರ್ಷದಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರು ಸುಮಾರು 19 ಲಕ್ಷ ಜನರಲ್ಲಿ ಹೊಸದಾಗಿ ಕಂಡುಬಂದಿತು. ಸುಮಾರು 9 ಲಕ್ಷ ಜನ ಅದರಿಂದ ಸತ್ತರು. ಜಠರದ ಕ್ಯಾನ್ಸರಿನಿಂದ ಸತ್ತವರು ಸುಮಾರು 6 ಲಕ್ಷ 60 ಸಾವಿರ, ಯಕೃತ್ತಿನದರಿಂದ ಸುಮಾರು 7 ಲಕ್ಷ 60 ಸಾವಿರ. ಮೇದೋಜೀರಕ ಗ್ರಂಥಿಯ ಲೆಕ್ಕ ಇನ್ನೂ ದಾರುಣ. ರೋಗ ತಗುಲಿದವರು ಸುಮಾರು 5 ಲಕ್ಷ 10 ಸಾವಿರ, ಸತ್ತವರು ಸುಮಾರು 4 ಲಕ್ಷ 67 ಸಾವಿರ. ಒಂದೇ ಜೀರ್ಣಮಾರ್ಗಕ್ಕೆ ಸೇರಿದ ಅಂಗಗಳಾದರೂ ಅವುಗಳ ಕ್ಯಾನ್ಸರುಗಳ ಸ್ವಭಾವ ಒಂದೇ ಅಲ್ಲವೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಹಾಗಾದರೆ ಇಷ್ಟು ಕಾಲ ವೈದ್ಯರು ರೋಗದ ಮುಂದಿನ ಗತಿಯನ್ನು ಅಳೆಯುತ್ತಿದ್ದುದು ಹೇಗೆ? ಇದಕ್ಕೊಂದು ಸರಳವಾದ, ಇಂದಿಗೂ ಬೆಲೆ ಕಳೆದುಕೊಳ್ಳದ ಮಾರ್ಗವನ್ನು 1932ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಎಂಬ ರೋಗವಿಜ್ಞಾನಿ ತೋರಿಸಿಕೊಟ್ಟರು. ಅವರು ನೋಡಿದ್ದು ಗುದನಾಳದ ಗಡ್ಡೆಗಳನ್ನು. ಗಡ್ಡೆ ನಾಳದ ಗೋಡೆಯೊಳಗೇ ಇದೆಯೆ? ಗೋಡೆಯನ್ನು ದಾಟಿದೆಯೆ? ಸುತ್ತಲಿನ ದುಗ್ಧಗ್ರಂಥಿಗಳನ್ನು ಹೊಕ್ಕಿದೆಯೆ? ಈ ಮೂರು ಪ್ರಶ್ನೆಗಳ ಮೇಲೆ ಅವರು ರೋಗವನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದವರು ಹೆಚ್ಚಾಗಿ ಬದುಕಿಕೊಂಡರು. ಕಡೆಯ ಹಂತದವರಿಗೆ ಆ ಭಾಗ್ಯ ಕಡಿಮೆ. ಇಂದಿನ ವೈದ್ಯರು ಬಳಸುವ ಒಂದರಿಂದ ನಾಲ್ಕರವರೆಗಿನ ಹಂತಗಳು ಇದೇ ವಿಚಾರದ ವಿಸ್ತಾರ.

ಆದರೆ ಹಂತವೆಂಬುದು ಗಡ್ಡೆ ಎಷ್ಟು ದೂರ ನಡೆದಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಅದರ ನಡಿಗೆಯ ವೇಗವನ್ನಾಗಲಿ ಉದ್ದೇಶವನ್ನಾಗಲಿ ಹೇಳುವುದಿಲ್ಲ. ಒಂದೇ ಹಂತದ ಇಬ್ಬರು ರೋಗಿಗಳು. ಸೂಕ್ಷ್ಮದರ್ಶಕದ ಕೆಳಗೆ ಇಬ್ಬರ ಗಡ್ಡೆಯೂ ಒಂದೇ ಬಗೆಯಾಗಿ ಕಾಣುತ್ತದೆ. ಒಬ್ಬ ಇಪ್ಪತ್ತು ವರ್ಷ ಬಾಳಿ ಮೊಮ್ಮಕ್ಕಳ ಮದುವೆ ನೋಡುತ್ತಾನೆ. ಇನ್ನೊಬ್ಬನ ಯಕೃತ್ತಿನಲ್ಲಿ ಎರಡೇ ವರ್ಷಕ್ಕೆ ರೋಗ ಮರಳಿ ತಲೆಯೆತ್ತುತ್ತದೆ. ಈ ಭೇದ ಎಲ್ಲಿ ಅಡಗಿತ್ತು?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನ ಎರಡನೆಯ ಹಂತವನ್ನು ತೆಗೆದುಕೊಳ್ಳಿ. ಗಡ್ಡೆ ಕರುಳಿನ ಗೋಡೆಯ ಹೊರಪದರಕ್ಕೆ ಬಂದಿದೆ, ದುಗ್ಧಗ್ರಂಥಿಗಳನ್ನು ಮಾತ್ರ ಮುಟ್ಟಿಲ್ಲ. ಇಂಥ ನೂರು ಜನರಲ್ಲಿ ಎಪ್ಪತ್ತೈದು-ಎಂಬತ್ತು ಮಂದಿ ಶಸ್ತ್ರಕ್ರಿಯೆಯೊಂದರಿಂದಲೇ ಗುಣ ಹೊಂದುತ್ತಾರೆ. ಉಳಿದವರಲ್ಲಿ, ಕಣ್ಣಿಗೆ ಕಾಣದಂತೆ ಚದುರಿಹೋದ ಜೀವಕೋಶಗಳಿಂದ ರೋಗ ಮರಳುತ್ತದೆ. ಅವುಗಳನ್ನು ಕೊಲ್ಲಲು ಶಸ್ತ್ರಕ್ರಿಯೆಯ ತರುವಾಯ ಕೀಮೋಥೆರಪಿ, ಅಂದರೆ ರಾಸಾಯನಿಕ ಚಿಕಿತ್ಸೆ, ಕೊಡಬಹುದು. 2007ರಲ್ಲಿ ಪ್ರಕಟವಾದ ‘ಕ್ವೇಸಾರ್’ ಎಂಬ ದೊಡ್ಡ ಪ್ರಯೋಗದಲ್ಲಿ, ಬಹುಪಾಲು ಎರಡನೆಯ ಹಂತದವರೇ ಆಗಿದ್ದ 3239 ರೋಗಿಗಳನ್ನು ಪರಿಶೀಲಿಸಿ, ಈ ಚಿಕಿತ್ಸೆಯಿಂದ ನೂರಕ್ಕೆ ಸುಮಾರು 3.6ರಷ್ಟು ಹೆಚ್ಚು ಜನ ಬದುಕುಳಿಯಬಹುದೆಂದು ಲೆಕ್ಕಹಾಕಿದರು. ಲೆಕ್ಕವನ್ನು ಬಿಡಿಸಿ ನೋಡಿದರೆ ಅದರ ಸಂಕಟ ತಿಳಿಯುತ್ತದೆ. ಮೂರು ನಾಲ್ಕು ಜನರ ಪ್ರಾಣ ಉಳಿಸುವುದಕ್ಕಾಗಿ ನೂರು ಜನ ತಿಂಗಳುಗಟ್ಟಲೆ ವಾಂತಿ, ಬಾಯಿಹುಣ್ಣು, ಭೇದಿ, ನಿಶ್ಶಕ್ತಿಗಳನ್ನು ಅನುಭವಿಸಬೇಕು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಬೇಕಾಗಿಯೇ ಇರಲಿಲ್ಲ. ಕೆಲವರಿಗೆ ಬೇಕಾಗಿತ್ತು, ಆದರೆ ಫಲಿಸಲಿಲ್ಲ. ಆ ಮೂರು ನಾಲ್ಕು ಜನ ಯಾರೆಂದು ಮೊದಲೇ ಗುರುತಿಸಲು ಬಂದರೆ? ಆರ್.ಎನ್.ಎ. ಸೂಚಕಗಳ ಹುಡುಕಾಟದ ಹಿಂದೆ ಇರುವುದು ಈ ಆಸೆ.

ಆರ್.ಎನ್.ಎ. ಎಂದರೇನು? ಸಾಹಿತ್ಯಾಭಿರುಚಿಯುಳ್ಳವರಿಗೆ ಇದನ್ನು ಓಲೆಗರಿಯ ಹೋಲಿಕೆಯಿಂದ ಹೇಳುವುದು ಸುಲಭ. ಹಳೆಯ ಮಠವೊಂದರಲ್ಲಿ ದೊಡ್ಡ ಗ್ರಂಥಭಂಡಾರವಿದೆ ಎಂದುಕೊಳ್ಳಿ. ಮೂಲಪ್ರತಿಗಳು ಭಂಡಾರವನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಯಾರಿಗಾದರೂ ಒಂದು ಗ್ರಂಥ ಬೇಕಾದರೆ ಲಿಪಿಕಾರ ಅದನ್ನು ನಕಲು ಮಾಡಿ ಕೊಡುತ್ತಾನೆ. ಆ ನಕಲು ಊರಿಗೆ ಹೋಗುತ್ತದೆ, ಬಳಕೆಯಾಗುತ್ತದೆ, ಸವೆದು ಹಾಳಾಗುತ್ತದೆ. ಜೀವಕೋಶದ ನಡುವೆ ಇರುವ ಕೋಶಕೇಂದ್ರವೇ ಆ ಭಂಡಾರ. ಅಲ್ಲಿನ ಮೂಲಗ್ರಂಥ ಡಿ.ಎನ್.ಎ. ಅದರಿಂದ ಆಗಿಂದಾಗ ಎತ್ತಿಕೊಂಡ ನಕಲು ಆರ್.ಎನ್.ಎ. ನಕಲಿನಲ್ಲಿ ಬರೆದಿರುವಂತೆ ಕೋಶದ ಕಾರ್ಯಾಗಾರಗಳಾದ ರೈಬೊಸೋಮುಗಳು ಪ್ರೋಟೀನುಗಳನ್ನು ಕಟ್ಟುತ್ತವೆ. ಇಂಥ ಸಂದೇಶವಾಹಕ ನಕಲೊಂದು ಇದೆಯೆಂಬುದು ಪ್ರಯೋಗಗಳಿಂದ ಖಚಿತವಾದದ್ದು 1961ರಲ್ಲಿ.

ನಮ್ಮ ದೇಹದ ಯಕೃತ್ತಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ಇರುವ ಮೂಲಗ್ರಂಥ ಒಂದೇ. ಸುಮಾರು 20,000 ಪ್ರೋಟೀನುಗಳ ಜೀನುಗಳು ಎರಡರಲ್ಲಿಯೂ ಇವೆ. ಆದರೂ ಯಕೃತ್ತು ಪಿತ್ತರಸವನ್ನು ಸ್ರವಿಸುತ್ತದೆ, ಕರುಳು ಲೋಳೆಯನ್ನು ಸ್ರವಿಸುತ್ತದೆ. ಒಂದೊಂದು ಕಡೆ ನಕಲಾಗುವ ಅಧ್ಯಾಯಗಳು ಬೇರೆಬೇರೆಯಾಗಿರುವುದೇ ಇದಕ್ಕೆ ಕಾರಣ. ಯಾವ ಕಾಲದಲ್ಲಿ ಯಾವ ಕಾವ್ಯದ ಪ್ರತಿಗಳು ಹೆಚ್ಚಾಗಿ ಆದುವೆಂದು ಎಣಿಸಿ ಆ ಕಾಲದ ಜನರ ಮನಸ್ಸನ್ನು ಸಂಶೋಧಕರು ಊಹಿಸುವುದಿಲ್ಲವೆ? ಹಾಗೆಯೇ ಒಂದು ಕೋಶದಲ್ಲಿ ಯಾವ ಆರ್.ಎನ್.ಎ. ಎಷ್ಟಿದೆಯೆಂದು ಎಣಿಸಿದರೆ ಆ ಕೋಶ ಆ ಹೊತ್ತಿನಲ್ಲಿ ಏನು ಮಾಡುತ್ತಿತ್ತು, ಏನು ಮಾಡಲು ಸಿದ್ಧವಾಗುತ್ತಿತ್ತು ಎಂಬುದು ಬಯಲಾಗುತ್ತದೆ. ಕ್ಯಾನ್ಸರ್ ಕೋಶದಲ್ಲಿ ವಿಭಜನೆಗೆ ಸಂಬಂಧಿಸಿದ ಅಧ್ಯಾಯಗಳ ನಕಲು ಅತಿಯಾಗಿರಬಹುದು. ನೆರೆಯ ಕೋಶಗಳಿಗೆ ಅಂಟಿಕೊಂಡು ಶಿಸ್ತಿನಿಂದ ಇರುವಂತೆ ಹೇಳುವ ಅಧ್ಯಾಯಗಳ ನಕಲು ನಿಂತೇಹೋಗಿರಬಹುದು. ಸೂಕ್ಷ್ಮದರ್ಶಕಕ್ಕೆ ಕಾಣುವುದು ಕೋಶದ ರೂಪ. ಆರ್.ಎನ್.ಎ. ತೋರಿಸುವುದು ಅದರ ನಡತೆ.

ಈ ವಿಚಾರದಿಂದ ಹುಟ್ಟಿದ ಒಂದು ಪರೀಕ್ಷೆ 2010ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಶಸ್ತ್ರಕ್ರಿಯೆಯಲ್ಲಿ ತೆಗೆದ ಕರುಳಿನ ತುಣುಕನ್ನು ಫಾರ್ಮಲಿನ್ನಿನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿಡುವುದು ಆಸ್ಪತ್ರೆಗಳ ಹಳೆಯ ಪದ್ಧತಿ. ಆ ಮೇಣದ ಅಚ್ಚಿನಿಂದ ತೆಳುವಾದ ಪದರಗಳನ್ನು ಕೊಯ್ದು, ಆರ್.ಎನ್.ಎ.ಯನ್ನು ಬೇರ್ಪಡಿಸಿ, ಹನ್ನೆರಡು ಜೀನುಗಳ ನಕಲುಗಳನ್ನು ಅಳೆಯುತ್ತಾರೆ. ಅವುಗಳಲ್ಲಿ ಏಳು ಕ್ಯಾನ್ಸರಿಗೆ ಸಂಬಂಧಿಸಿದವು. ಐದು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡುವ ತೂಕದ ಬಟ್ಟುಗಳಂತೆ, ಹೋಲಿಕೆಗಾಗಿ ಇಟ್ಟುಕೊಂಡವು. ಫಲಿತಾಂಶ ಸೊನ್ನೆಯಿಂದ ನೂರರೊಳಗಿನ ಒಂದು ಅಂಕ. ಕ್ವೇಸಾರ್ ಪ್ರಯೋಗದ ರೋಗಿಗಳ ಗಡ್ಡೆಗಳನ್ನೇ ಹೀಗೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದಾಗ, ಮೂರು ವರ್ಷಗಳೊಳಗೆ ರೋಗ ಮರಳುವ ಸಂಭವ ಕಡಿಮೆ ಅಂಕದವರಲ್ಲಿ ನೂರಕ್ಕೆ 12, ನಡುವಿನವರಲ್ಲಿ 18, ಹೆಚ್ಚು ಅಂಕದವರಲ್ಲಿ 22 ಎಂದು ಕಂಡುಬಂದಿತು.

ಈ ಮೂರು ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬರಹದಲ್ಲಿ ಅರ್ಥವಿದೆ ಎಂಬುದು ನಿಜವಾಯಿತು. ಆದರೆ ಒಳ್ಳೆಯ ಅಂಕ ಬಂದ ನೂರು ಜನರಲ್ಲಿಯೂ ಹನ್ನೆರಡು ಮಂದಿಗೆ ರೋಗ ಮರಳಿತು. ಕೆಟ್ಟ ಅಂಕ ಬಂದ ನೂರು ಜನರಲ್ಲಿಯೂ ಎಪ್ಪತ್ತೆಂಟು ಮಂದಿಗೆ ಮರಳಲಿಲ್ಲ. ಅಷ್ಟೇ ಅಲ್ಲದೆ, ಕೀಮೋಥೆರಪಿಯಿಂದ ಯಾರಿಗೆ ಲಾಭವಾಗುವುದೆಂಬುದನ್ನು ಈ ಪರೀಕ್ಷೆ ಬೇರ್ಪಡಿಸಿ ತೋರಿಸಲಿಲ್ಲ. ಎಂದೇ ಇಂಥ ಪರೀಕ್ಷೆಗಳನ್ನು ಎಲ್ಲರಿಗೂ ಮಾಡಿಸಬೇಕೆಂಬ ಸಲಹೆಯನ್ನು ಅಮೆರಿಕದ ಚಿಕಿತ್ಸಾ ಮಾರ್ಗಸೂಚಿಗಳು ಕೊಟ್ಟಿಲ್ಲ.

ಮುಂದೆ 2015ರಲ್ಲಿ ಇನ್ನೊಂದು ಹೆಜ್ಜೆ ಬಿದ್ದಿತು. ದೊಡ್ಡ ಕರುಳಿನ ಗಡ್ಡೆಗಳನ್ನು ಆರ್.ಎನ್.ಎ. ಬರಹದ ಮೇಲೆ ವಿಂಗಡಿಸುವ ಆರು ಬೇರೆಬೇರೆ ಪದ್ಧತಿಗಳನ್ನು ಒಂದೆಡೆ ಕಲೆಹಾಕಿ, ಅವೆಲ್ಲ ಒಪ್ಪುವ ನಾಲ್ಕು ಪಂಗಡಗಳನ್ನು ವಿಜ್ಞಾನಿಗಳು ಗುರುತಿಸಿದರು. ಮೊದಲನೆಯದರಲ್ಲಿ ದೇಹದ ರಕ್ಷಣಾಕೋಶಗಳ ಸಂಭ್ರಮ ಎದ್ದುಕಾಣುತ್ತದೆ. ಗಡ್ಡೆಗಳಲ್ಲಿ ನೂರಕ್ಕೆ 14 ಈ ಪಂಗಡದವು. ಎರಡನೆಯದು ಕರುಳಿನ ಕ್ಯಾನ್ಸರಿನ ಪರಿಚಿತ ಮಾದರಿ, ನೂರಕ್ಕೆ 37. ಮೂರನೆಯದರಲ್ಲಿ ಚಯಾಪಚಯದ ಏರುಪೇರು, ನೂರಕ್ಕೆ 13. ನಾಲ್ಕನೆಯದು ನೂರಕ್ಕೆ 23. ಇದರಲ್ಲಿ ಗಡ್ಡೆಯ ಸುತ್ತಣ ನಾರಿನ ಅಂಗಾಂಶದ ಬರಹ ಪ್ರಬಲವಾಗಿರುತ್ತದೆ, ಮತ್ತು ರೋಗಿಗಳ ಗತಿ ಉಳಿದವರಿಗಿಂತ ಕಷ್ಟದ್ದು. ಉಳಿದ 13 ಯಾವ ಪಂಗಡಕ್ಕೂ ಸರಿಯಾಗಿ ಸೇರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಅದೇ ವರ್ಷ ಬೇರೆ ಸಂಶೋಧಕರು, ಕೆಟ್ಟ ಗತಿಯನ್ನು ಸೂಚಿಸುವ ಬರಹದ ಹೆಚ್ಚಿನ ಭಾಗ ಕ್ಯಾನ್ಸರ್ ಕೋಶಗಳದ್ದಲ್ಲ, ಅವುಗಳನ್ನು ಸುತ್ತುವರಿದ ಆಧಾರ ಅಂಗಾಂಶದ ಕೋಶಗಳದ್ದು ಎಂದು ತೋರಿಸಿದರು. ಕಳ್ಳನ ಕೈಬರಹವೆಂದು ನಾವು ಓದುತ್ತಿದ್ದುದು ಅವನಿಗೆ ಆಶ್ರಯ ಕೊಟ್ಟ ನೆರೆಹೊರೆಯವರ ಕೈಬರಹವಾಗಿತ್ತು! ಗಡ್ಡೆಯ ಭವಿಷ್ಯ ಗಡ್ಡೆಯೊಂದರಿಂದಲೇ ನಿರ್ಧಾರವಾಗುವುದಿಲ್ಲವೆಂಬ ಪಾಠ ಇದರಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದು ಪ್ರೋಟೀನುಗಳಿಗೆ ಮಾದರಿಯಾಗುವ ನಕಲುಗಳ ಮಾತು. ಆದರೆ ನಮ್ಮ ಡಿ.ಎನ್.ಎ.ಯಲ್ಲಿ ಪ್ರೋಟೀನಿಗೆ ಸಂಬಂಧಪಟ್ಟ ಭಾಗ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಉಳಿದ ಭಾಗದಿಂದಲೂ ಆರ್.ಎನ್.ಎ. ನಕಲುಗಳು ಹೊರಡುತ್ತವೆ. ಅವು ಏತಕ್ಕಾಗಿ? ಉತ್ತರದ ಮೊದಲ ಎಳೆ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬದುಕುವ ಒಂದು ಹುಳುವಿನಲ್ಲಿ. ಆ ಹುಳುವಿನ ಬೆಳವಣಿಗೆಯ ಕ್ರಮ ತಪ್ಪುವುದೇಕೆಂದು ಅಮೆರಿಕದಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಪರಿಶೀಲಿಸುತ್ತಿದ್ದರು. ಬರಿಯ 22 ಅಕ್ಷರಗಳಷ್ಟು ಉದ್ದದ ಒಂದು ಪುಟ್ಟ ಆರ್.ಎನ್.ಎ. ಇನ್ನೊಂದು ಜೀನಿನ ನಕಲಿಗೆ ಅಂಟಿಕೊಂಡು ಅದನ್ನು ಓದದಂತೆ ತಡೆಯುತ್ತದೆಂದು ಅವರು 1993ರಲ್ಲಿ ಪ್ರಕಟಿಸಿದರು. ನ್ಯಾಯಾಲಯದ ತಡೆಯಾಜ್ಞೆಯಂತೆ ಎನ್ನೋಣ: ಮೂಲದಾಖಲೆ ಹಾಗೆಯೇ ಇದೆ, ನಕಲೂ ಹೊರಟಿದೆ, ಆದರೆ ಆಜ್ಞೆ ಜಾರಿಯಾಗುವುದಿಲ್ಲ. ಹುಳುವಿನ ವಿಚಿತ್ರವೆಂದು ಬಹಳ ಮಂದಿ ಇದನ್ನು ಅಲಕ್ಷಿಸಿದರು. 2000ದಲ್ಲಿ ಇಂಥದೇ ಇನ್ನೊಂದು ತುಣುಕು ಮನುಷ್ಯನೂ ಸೇರಿದಂತೆ ಪ್ರಾಣಿಲೋಕದಲ್ಲೆಲ್ಲ ಇದೆಯೆಂದು ಕಂಡಮೇಲೆ ಎಲ್ಲರ ಕಣ್ಣು ಇತ್ತ ತಿರುಗಿತು. ಇವಕ್ಕೆ ಮೈಕ್ರೋ ಆರ್.ಎನ್.ಎ. ಎಂದು ಹೆಸರಾಯಿತು. ಮನುಷ್ಯನಲ್ಲಿ ಇವುಗಳ ಜೀನುಗಳು ಒಂದು ಸಾವಿರಕ್ಕೂ ಹೆಚ್ಚು. ಆಂಬ್ರೋಸ್ ಮತ್ತು ರವ್‌ಕುನ್ ಇಬ್ಬರಿಗೂ 2024ರ ವೈದ್ಯಕೀಯ ನೊಬೆಲ್ ಪಾರಿತೋಷಕ ಬಂದಿತು.

ಕ್ಯಾನ್ಸರಿನ ಗತಿಯನ್ನು ಓದುವವರಿಗೆ ಈ ಪುಟ್ಟ ತುಣುಕುಗಳು ಎರಡು ಕಾರಣಗಳಿಂದ ಪ್ರಿಯವಾದುವು. ಮೊದಲನೆಯದಾಗಿ, ಒಂದು ಮೈಕ್ರೋ ಆರ್.ಎನ್.ಎ. ಹತ್ತಾರು ಜೀನುಗಳ ಮೇಲೆ ಹಿಡಿತವಿಟ್ಟಿರುತ್ತದೆ. ಆದ್ದರಿಂದ ಒಂದನ್ನು ಅಳೆದರೆ ಹಲವುದರ ಸುಳಿವು ಸಿಕ್ಕುತ್ತದೆ. ಎರಡನೆಯದಾಗಿ, ಉದ್ದನೆಯ ಆರ್.ಎನ್.ಎ. ಬೇಗ ಚೂರುಚೂರಾಗುತ್ತದೆ, ಇವು ಮಾತ್ರ ಮೇಣದ ಅಚ್ಚಿನಲ್ಲಿಯೂ ರಕ್ತದಲ್ಲಿಯೂ ಕೆಡದೆ ಉಳಿಯುತ್ತವೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಇವುಗಳ ಬೆಲೆಯನ್ನು ತೋರಿಸಿದ ಪ್ರಸಿದ್ಧ ಅಧ್ಯಯನ 2008ರದು. ‘21’ ಎಂಬ ಸಂಖ್ಯೆಯಿಂದ ಕರೆಯುವ ಮೈಕ್ರೋ ಆರ್.ಎನ್.ಎ. ಗಡ್ಡೆಯಲ್ಲಿ ಹೆಚ್ಚಾಗಿದ್ದವರು ಕಡಿಮೆ ಕಾಲ ಬದುಕಿದರೆಂಬುದು ಅಮೆರಿಕದ ಮೇರಿಲೆಂಡಿನ 84 ರೋಗಿಗಳಲ್ಲಿ ಕಂಡುಬಂದಿತು. ಸಂಶೋಧಕರು ಅಲ್ಲಿಗೇ ನಿಲ್ಲದೆ ಹಾಂಗ್‌ಕಾಂಗಿನ ಬೇರೆ 113 ರೋಗಿಗಳಲ್ಲಿ ಅದನ್ನು ಮತ್ತೆ ಪರೀಕ್ಷಿಸಿದರು. ಅಲ್ಲಿಯೂ ಅದೇ ಉತ್ತರ ಬಂದಿತು. ಗಡ್ಡೆಯನ್ನು ಹತೋಟಿಯಲ್ಲಿಡುವ ಜೀನುಗಳ ನಕಲುಗಳಿಗೇ ಈ ‘21’ ತಡೆಯಾಜ್ಞೆ ತರುತ್ತದೆ ಎಂಬುದರಿಂದ ಆ ಉತ್ತರಕ್ಕೆ ಕಾರಣವೂ ದೊರೆತಂತಾಯಿತು.

ಇನ್ನು ನೂರಾರು, ಸಾವಿರಾರು ಅಕ್ಷರಗಳಷ್ಟು ಉದ್ದವಿದ್ದೂ ಪ್ರೋಟೀನಿಗೆ ಮಾದರಿಯಾಗದ ಆರ್.ಎನ್.ಎ.ಗಳೂ ಇವೆ. 2007ರಲ್ಲಿ ವಿವರಿಸಲಾದ ‘ಹಾಟೇರ್’ ಎಂಬುದು ಇವುಗಳಲ್ಲೊಂದು. ಭಂಡಾರದ ಯಾವ ಕಪಾಟು ತೆರೆದಿರಬೇಕು, ಯಾವುದಕ್ಕೆ ಬೀಗ ಬೀಳಬೇಕು ಎಂಬುದರಲ್ಲಿ ಇದರ ಕೈವಾಡವಿದೆ. ದೊಡ್ಡ ಕರುಳಿನ ಗಡ್ಡೆಯಲ್ಲಿ ಇದು ಹೆಚ್ಚಾಗಿದ್ದರೆ ರೋಗ ಯಕೃತ್ತಿಗೆ ಹಬ್ಬುವುದಕ್ಕೂ ಗತಿ ಕೆಡುವುದಕ್ಕೂ ನಂಟಿದೆಯೆಂದು ಜಪಾನಿನ ಸಂಶೋಧಕರು 2011ರಲ್ಲಿ ತಿಳಿಸಿದರು. ಯಕೃತ್ತಿನ ಕ್ಯಾನ್ಸರಿನಲ್ಲಿ ಹೇರಳವಾಗಿ ಕಾಣುವ ‘ಹಲ್ಕ್’ ಎಂಬ ಇನ್ನೊಂದು ಉದ್ದ ಆರ್.ಎನ್.ಎ. ರೋಗಿಗಳ ರಕ್ತದಲ್ಲಿಯೂ ಸಿಕ್ಕಿತು. ತುದಿಮೊದಲಿಲ್ಲದೆ ಬಳೆಯಂತೆ ಕೂಡಿಕೊಂಡ ಆರ್.ಎನ್.ಎ.ಗಳೂ ಉಂಟು, ತುದಿಯಿಂದ ಕತ್ತರಿಸುತ್ತ ಬರುವ ಕಿಣ್ವಗಳಿಗೆ ತುದಿಯೇ ಸಿಗದ ಕಾರಣ ಅವು ಬಹುಕಾಲ ಬಾಳುತ್ತವೆ.

ಇಷ್ಟು ಹೇಳಿದ ಮೇಲೆ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ರೋಗದ ಗತಿಯನ್ನು ಸೂಚಿಸುವುದು ಒಂದು. ಚಿಕಿತ್ಸೆಯ ಫಲವನ್ನು ಸೂಚಿಸುವುದು ಇನ್ನೊಂದು. ಮಳೆ ಬರುತ್ತದೆಂದು ತಿಳಿದ ಮಾತ್ರಕ್ಕೆ ಕೊಡೆ ನಮ್ಮನ್ನು ಕಾಪಾಡುತ್ತದೆಂದು ತಿಳಿದಂತಾಗಲಿಲ್ಲ. ಮಲೆನಾಡಿನ ಗಾಳಿಮಳೆಯಲ್ಲಿ ಕೊಡೆ ಹಿಡಿದು ನಡೆದವರಿಗೆ ಇದು ಗೊತ್ತು. ಯಕೃತ್ತಿನ ಕ್ಯಾನ್ಸರಿನ ಮೇಲೆ ಚೀನದ 455 ರೋಗಿಗಳನ್ನು ಕುರಿತ ಅಧ್ಯಯನವೊಂದು 2009ರಲ್ಲಿ ಹೊರಬಂದಿತು. ‘26’ ಎಂಬ ಮೈಕ್ರೋ ಆರ್.ಎನ್.ಎ. ಗಡ್ಡೆಯಲ್ಲಿ ಕಡಿಮೆಯಿದ್ದವರು ಬೇಗ ಸತ್ತರು. ಆದರೆ ಇಂಟರ್‌ಫೆರಾನ್ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನ ಪಡೆದವರೂ ಅವರೇ! ಗತಿಯ ದೃಷ್ಟಿಯಿಂದ ಕೆಟ್ಟ ಸೂಚನೆ, ಚಿಕಿತ್ಸೆಯ ದೃಷ್ಟಿಯಿಂದ ಒಳ್ಳೆಯ ಸೂಚನೆ. ಆ ಚಿಕಿತ್ಸೆ ಮುಂದೆ ಸಾಮಾನ್ಯ ಬಳಕೆಗೆ ಬರಲಿಲ್ಲವಾದರೂ ಈ ಪಾಠ ಉಳಿಯಿತು. “ನಿನ್ನ ಗಡ್ಡೆ ಕ್ರೂರವಾದದ್ದು” ಎಂದಷ್ಟೇ ಹೇಳುವ ಪರೀಕ್ಷೆ ರೋಗಿಗೆ ಭಯವನ್ನು ಕೊಟ್ಟೀತು. “ಆದ್ದರಿಂದ ಈ ಔಷಧ ನಿನಗೆ ಹಿಡಿಸುತ್ತದೆ” ಎಂದೂ ಹೇಳಬಲ್ಲ ಪರೀಕ್ಷೆ ದಾರಿಯನ್ನು ತೋರಿಸುತ್ತದೆ.

ಇಂಥ ಸೂಚಕಗಳನ್ನು ಕುರಿತ ಲೇಖನಗಳು ವಿಜ್ಞಾನ ಪತ್ರಿಕೆಗಳಲ್ಲಿ ಸಾವಿರಗಟ್ಟಲೆ ಬಂದಿವೆ. ಆಸ್ಪತ್ರೆಯ ನಿತ್ಯದ ಬಳಕೆಗೆ ಬಂದವು ಬೆರಳೆಣಿಕೆಯಷ್ಟೂ ಇಲ್ಲ. ಏಕೆ? ಇಪ್ಪತ್ತು ಸಾವಿರ ಜೀನುಗಳ ಅಳತೆ ಕೈಯಲ್ಲಿದ್ದಾಗ, ಬದುಕಿದವರನ್ನೂ ಸತ್ತವರನ್ನೂ ಬೇರ್ಪಡಿಸುವ ಯಾವುದೋ ಒಂದು ಜೋಡಣೆ ಹುಡುಕಿದವರಿಗೆ ಸಿಕ್ಕೇ ಸಿಗುತ್ತದೆ. ಮದುವೆ ಮುರಿದ ಮೇಲೆ ಜಾತಕದಲ್ಲಿ ದೋಷ ಕಾಣುವಂತೆ! ಬೆಲ್ಜಿಯಂ ದೇಶದ ಮೂವರು ವಿಜ್ಞಾನಿಗಳು 2011ರಲ್ಲಿ ಇದನ್ನು ವಿನೋದವಾಗಿಯೇ ಬಯಲುಮಾಡಿದರು. ಅವರು ತೆಗೆದುಕೊಂಡದ್ದು ಸ್ತನದ ಕ್ಯಾನ್ಸರಿನ ಅಂಕಿ-ಅಂಶಗಳನ್ನು. ಊಟವಾದ ಮೇಲೆ ಹಾಸ್ಯ ಕೇಳಿ ನಕ್ಕವರ ರಕ್ತದಲ್ಲಿ ಏರಿಳಿದ ಜೀನುಗಳ ಪಟ್ಟಿಯೊಂದು ಬೇರೆ ಯಾವುದೋ ಅಧ್ಯಯನದಲ್ಲಿತ್ತು. ಕ್ಯಾನ್ಸರಿಗೂ ಆ ಪಟ್ಟಿಗೂ ಏನೂ ಸಂಬಂಧವಿಲ್ಲ. ಆದರೂ ಅದು ಸ್ತನದ ಕ್ಯಾನ್ಸರಿನ ಗತಿಯನ್ನು ‘ಸೂಚಿಸಿತು’! ಪ್ರಕಟವಾಗಿದ್ದ 47 ಸೂಚಕಪಟ್ಟಿಗಳನ್ನು ಅವರು ಒರೆಗೆ ಹಚ್ಚಿದಾಗ, ಅರ್ಧಕ್ಕಿಂತ ಹೆಚ್ಚಿನವು ಚೀಟಿಯೆತ್ತಿ ಆರಿಸಿದ ಜೀನುಗಳ ಪಟ್ಟಿಗಿಂತ ಮೇಲೆನಿಸಲಿಲ್ಲ. ಕೋಶವಿಭಜನೆಯ ವೇಗವೊಂದೇ ನೂರಾರು ಜೀನುಗಳಲ್ಲಿ ಪ್ರತಿಧ್ವನಿಸುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಜೀರ್ಣಾಂಗಗಳ ಕ್ಯಾನ್ಸರಿನ ಸೂಚಕಗಳನ್ನು ಹುಡುಕುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಬೇರೆ ತೊಡಕುಗಳೂ ಇವೆ. ಗಡ್ಡೆ ಒಂದೇ ಆದರೂ ಅದರ ಒಂದು ಮೂಲೆಯ ಬರಹ ಇನ್ನೊಂದು ಮೂಲೆಯದರಂತೆ ಇರುವುದಿಲ್ಲ. ಕೊಯ್ದ ತುಣುಕು ಯಾವುದೋ ಅದರ ಕಥೆಯಷ್ಟೇ ನಮಗೆ ತಿಳಿಯುತ್ತದೆ. ರಕ್ತದಲ್ಲಿ ಅಳೆಯುವಾಗ, ಸೂಜಿಯಿಂದ ಸೆಳೆಯುವ ಹೊತ್ತಿನಲ್ಲಿ ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಮೈಕ್ರೋ ಆರ್.ಎನ್.ಎ. ಹೊರಚೆಲ್ಲಿ ಲೆಕ್ಕವೆಲ್ಲ ತಪ್ಪುತ್ತದೆ. ಒಂದು ಜನಸಮುದಾಯದಲ್ಲಿ ಕಂಡದ್ದು ಇನ್ನೊಂದರಲ್ಲಿ ಹಾಗೆಯೇ ಕಾಣಬೇಕೆಂಬ ನಿಯಮವೂ ಇಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯನ್ನು ನೋಡಿದರೆ, ನಮ್ಮ ಗಂಡಸರಲ್ಲಿ ಜಠರ ಮತ್ತು ಅನ್ನನಾಳಗಳ ಕ್ಯಾನ್ಸರು ಮುಂಚೂಣಿಯಲ್ಲಿ ಬಂದಿರುವುದು ಕಾಣುತ್ತದೆ. ಮೇಲೆ ಹೇಳಿದ ಪರೀಕ್ಷೆಗಳಾದರೋ ಬಹುಮಟ್ಟಿಗೆ ಯೂರೋಪು, ಅಮೆರಿಕ, ಪೂರ್ವ ಏಷ್ಯಗಳ ರೋಗಿಗಳ ಗಡ್ಡೆಗಳ ಮೇಲೆ ಕಟ್ಟಿದವು. ನಮ್ಮವರ ಗಡ್ಡೆಗಳಲ್ಲಿ ಅವು ಸರಿಯಾಗಿ ಓದುತ್ತವೆಯೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ನೋಡಬೇಕು.

ಹಾಗಾದರೆ ಸೂಚಕವೊಂದನ್ನು ಯಾವಾಗ ನಂಬಬೇಕು? ಅದಕ್ಕೊಂದು ಒಳ್ಳೆಯ ಮಾದರಿ ಆರ್.ಎನ್.ಎ.ಯ ದಾಯಾದಿಯಾದ ಡಿ.ಎನ್.ಎ.ಯಿಂದಲೇ ದೊರೆತಿದೆ. ಆಸ್ಟ್ರೇಲಿಯದಲ್ಲಿ ಎರಡನೆಯ ಹಂತದ ದೊಡ್ಡ ಕರುಳಿನ ಕ್ಯಾನ್ಸರಿನ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಂದಿನ ಕ್ರಮದಂತೆ ಚಿಕಿತ್ಸೆ. ಇನ್ನೊಂದು ಪಾಲಿನವರಲ್ಲಿ, ಶಸ್ತ್ರಕ್ರಿಯೆಯ ತರುವಾಯ ರಕ್ತದಲ್ಲಿ ಗಡ್ಡೆಯ ಡಿ.ಎನ್.ಎ. ಚೂರುಗಳು ಉಳಿದಿದ್ದರೆ ಮಾತ್ರ ಕೀಮೋಥೆರಪಿ. 2022ರಲ್ಲಿ ಫಲಿತಾಂಶ ಬಂದಾಗ, ಎಂದಿನ ಕ್ರಮದಲ್ಲಿ ನೂರಕ್ಕೆ 28 ಜನ ಕೀಮೋಥೆರಪಿ ಪಡೆದಿದ್ದರೆ, ಪರೀಕ್ಷೆಯನ್ನು ಅನುಸರಿಸಿದವರಲ್ಲಿ 15 ಜನ ಮಾತ್ರ ಪಡೆದಿದ್ದರು. ಎರಡು ವರ್ಷಗಳ ಕೊನೆಗೆ ರೋಗ ಮರಳದೆ ಇದ್ದವರು ಅಲ್ಲಿ ನೂರಕ್ಕೆ 92.4, ಇಲ್ಲಿ 93.5. ಹೆಚ್ಚುಕಡಿಮೆ ಅರ್ಧದಷ್ಟು ಜನ ಬೇಡದ ಸಂಕಟದಿಂದ ಪಾರಾದರು, ಯಾರೂ ಅದಕ್ಕಾಗಿ ಬೆಲೆ ತೆರಬೇಕಾಗಲಿಲ್ಲ. ಸೂಚಕ ಗೆದ್ದಿತೆಂದು ಹೇಳಬೇಕಾದದ್ದು ಹೀಗೆ ರೋಗಿಯ ಬದುಕಿನಲ್ಲಿ ಏನಾದರೂ ಹಗುರವಾದಾಗ. ಆರ್.ಎನ್.ಎ. ಸೂಚಕಗಳು ಕುಳಿತು ಪಾಸು ಮಾಡಬೇಕಾದ ಪರೀಕ್ಷೆ ಇದು.

ಕೊನೆಗೆ ಮೊದಲಿನ ಪ್ರಶ್ನೆಗೆ ಬರೋಣ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ರಿಗೆ 1982ರಲ್ಲಿ ಹೊಟ್ಟೆಯ ಒಳಪೊರೆಯ ಒಂದು ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. ಪುಸ್ತಕಗಳನ್ನು ತೆರೆದು ನೋಡಿದರೆ, ರೋಗ ಪತ್ತೆಯಾದ ಮೇಲೆ ಬದುಕಿನ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಅವರು ಧೃತಿಗೆಡದೆ, ಸಂಖ್ಯಾಶಾಸ್ತ್ರ ಬಲ್ಲವರಾದ್ದರಿಂದ, ಯೋಚನೆಮಾಡಿದರು. ಮಧ್ಯಾಂಕ ಎಂಟು ತಿಂಗಳೆಂದರೆ ಅರ್ಧದಷ್ಟು ಜನ ಅದಕ್ಕೂ ಮೀರಿ ಬದುಕುತ್ತಾರೆಂದೇ ಅರ್ಥ. ಆ ಅರ್ಧದ ಬಾಲ ಎಷ್ಟೋ ವರ್ಷಗಳವರೆಗೆ ಚಾಚಿರಬಹುದು. ತಾನು ಆ ಬಾಲದಲ್ಲಿ ಇರಬಾರದೇಕೆ? 1985ರಲ್ಲಿ ಅವರು ಇದನ್ನು ಒಂದು ಪ್ರಬಂಧವಾಗಿ ಬರೆದರು. ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರಿನಿಂದ. ಎಂಟು ತಿಂಗಳು ಇಪ್ಪತ್ತು ವರ್ಷವಾಗಿತ್ತು. ಎಲ್ಲರಿಗೂ ಹಾಗಾಗುವುದಿಲ್ಲವೆಂಬುದನ್ನು ಮರೆಯಬಾರದು. ಆದರೆ ನೂರು ಜನರನ್ನು ಕುರಿತ ಸತ್ಯ ಒಬ್ಬನನ್ನು ಕುರಿತ ತೀರ್ಪಲ್ಲವೆಂಬುದನ್ನೂ ಮರೆಯಬಾರದು.

ಹಣೆಬರಹವೆಂಬ ಮಾತು ನಮಗೆ ಹಳೆಯದು. ಅದನ್ನು ಬರೆದಾಗಿದೆ, ಅಳಿಸಲಾಗದು, ಓದಲೂ ಬಾರದು ಎಂಬುದು ನಂಬಿಕೆ. ಗಡ್ಡೆಯೊಳಗಿನ ಬರಹ ಆ ಜಾತಿಯದಲ್ಲ. ಇದನ್ನು ಓದಬಹುದು, ಕಷ್ಟಪಟ್ಟು, ತಪ್ಪುತ್ತ, ತಿದ್ದಿಕೊಳ್ಳುತ್ತ. ಇದು ದಿನದಿನಕ್ಕೂ ಬದಲಾಗುವ ನಕಲಾದ್ದರಿಂದ ಚಿಕಿತ್ಸೆಯಿಂದ ತಿದ್ದಬಹುದೆಂಬ ಆಸೆಗೂ ಎಡೆಯಿದೆ. “ಇದು ಮತ್ತೆ ಬರುವುದಿಲ್ಲ ತಾನೆ?” ಎಂದು ಕೇಳಿದ ಮಗನಿಗೆ ವೈದ್ಯರು ಇಂದು ಕೊಡಬಹುದಾದ ಪ್ರಾಮಾಣಿಕ ಉತ್ತರ ಇಷ್ಟು: “ನಿಮ್ಮ ತಂದೆಯಂಥ ನೂರು ಜನರಲ್ಲಿ ಎಂಬತ್ತು ಮಂದಿಗೆ ಬರುವುದಿಲ್ಲ. ಅವರು ಆ ಎಂಬತ್ತರಲ್ಲಿದ್ದಾರೆಯೆ ಎಂದು ಇನ್ನೂ ಚೆನ್ನಾಗಿ ತಿಳಿಯಲು ಪ್ರಯತ್ನಿಸುತ್ತಿದ್ದೇವೆ. ಮೂರು ತಿಂಗಳಿಗೆ ಮತ್ತೆ ಕರೆದುಕೊಂಡು ಬನ್ನಿ; ನಾವು ನೋಡುತ್ತಿರುತ್ತೇವೆ.”